ಸುಳ್ಳು ಕೂಕುಳು

ನಾನು ಒಂದು ಸ್ಪೀಕರ್. ಸುಲಿದ ತೆಂಗಿನಕಾಯಿಯಷ್ಟು ದೊಡ್ಡವನು, ಬಣ್ಣ ಕಪ್ಪು, ಮೈಗೆಲ್ಲ ಜಾಲರಿ. ಹುಟ್ಟಿದವರೆಲ್ಲ ಮೊದಲು ಅಳುತ್ತಾರಂತೆ. ನಾನು ಕಾರ್ಖಾನೆಯ ಮೇಜಿನ ಮೇಲೆ ಹುಟ್ಟಿದಾಗ ‘ಹಲೋ, ಹಲೋ’ ಎಂದೆ. ಅದೂ ನನ್ನ ಮಾತಲ್ಲ, ಪರೀಕ್ಷೆ ಮಾಡುವವನದು. ಸ್ವಂತ ದನಿ ಇಲ್ಲದವನಿಗೆ ಸ್ವಂತ ಮರ್ಯಾದೆಯೂ ಇರುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ.

ಮೊದಲು ನನ್ನನ್ನು ಕೊಂಡವನು ಸೈಕಲ್ಲಿನಲ್ಲಿ ಐಸ್‌ಕ್ಯಾಂಡಿ ಮಾರುವ ದೂಮ. ‘ಐಸ್‌ಕ್ಯಾಂಡೀ’ ಎಂಬ ಅವನ ಕೂಗನ್ನೇ ನಾನು ಬೀದಿ ಬೀದಿಯಲ್ಲಿ ಕೂಗಿದೆ. ಕೂಗು ಕೇಳಿ ಓಡಿಬಂದವರಿಗೆ ಐಸ್‌ಕ್ಯಾಂಡಿ ಸಿಗುತ್ತಿತ್ತು. ಕೂಗಿದ್ದಕ್ಕೂ ಸಿಕ್ಕಿದ್ದಕ್ಕೂ ತಾಳೆಯಾಗುತ್ತಿದ್ದ ಆ ದಿನಗಳೇ ನನ್ನ ಬಾಳಿನ ಒಳ್ಳೆಯ ದಿನಗಳು. ಮಳೆಗಾಲ ಬಂದು ವ್ಯಾಪಾರ ನಿಂತಾಗ ದೂಮ ನನ್ನನ್ನು ತನ್ನ ಗೆಳೆಯ ಶೀನ ಮೊಗವೀರನಿಗೆ ಕೊಟ್ಟುಬಿಟ್ಟ.

ಶೀನನ ಮನೆ ಇರುವುದು ಹೊನ್ನೆಕುದ್ರುವಿನಲ್ಲಿ. ಕುದ್ರು ಅಂದರೆ ಹೊಳೆ ಕಡಲಿಗೆ ಸೇರುವಲ್ಲಿ ನೀರಿನ ನಡುವೆ ಇರುವ ದ್ವೀಪ. ಸುತ್ತ ಉಪ್ಪುನೀರಿನಲ್ಲೇ ಬೇರು ಬಿಟ್ಟ ಕಾಂಡ್ಲಾ ಮರಗಳು, ಅವುಗಳ ಬುಡದಲ್ಲಿ ಏಡಿಗಳು, ನೀರುನಾಯಿಗಳು, ಮೇಲೆ ಗರುಡಗಳು. ಶೀನನ ಅಪ್ಪ ಅಲ್ಲಿನ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರು. ಸೇತುವೆ ಬಂದಮೇಲೆ ದೋಣಿಗೆ ಕೆಲಸವಿಲ್ಲದಾಯಿತು. ಅಪ್ಪ ತೀರಿಕೊಂಡ ಮೇಲೆ ಶೀನ ಅದೇ ದೋಣಿಗೆ ಬಣ್ಣ ಬಳಿದು ‘ಕುದ್ರು ಸಫಾರಿ’ ಶುರುಮಾಡಿದ.

ಪ್ರವಾಸಿಗಳು ಬಂದರು. ಆದರೆ ಹಕ್ಕಿಗಳು ಪ್ರವಾಸಿಗಳ ಸಮಯ ನೋಡಿ ಬರುತ್ತವೆಯೇ? ‘ಎಲ್ಲಿ ರೀ ನಿಮ್ಮ ಹಕ್ಕಿ?’ ಎಂದು ಅವರು ಮುಖ ಸಿಂಡರಿಸಿದಾಗ ಶೀನನ ಮುಖ ಬಾಡುತ್ತಿತ್ತು. ದಂಡೆಯ ಮಣ್ಣಿನ ಬಿಲದಲ್ಲಿ ಒಂದು ಜೋಡಿ ಹೆಮ್ಮಿಂಚುಳ್ಳಿಗಳು ಗೂಡು ಮಾಡಿದ್ದವು. ಕೆಂಪು ಕೊಕ್ಕು, ನೀಲಿ ರೆಕ್ಕೆ. ಒಂದು ದಿನ ಶೀನ ಹೆಣ್ಣುಹಕ್ಕಿಯ ಕೂಗನ್ನು ಫೋನಿನಲ್ಲಿ ಹಿಡಿದುಕೊಂಡ. ಮರುದಿನ ದೋಣಿಯಲ್ಲಿ ನನ್ನ ನೀಲಿ ದೀಪ ಹೊತ್ತಿತು, ನಾನು ಅವಳ ದನಿಯಲ್ಲಿ ಕೂಗಿದೆ.

ಗಂಡು ಬಂತು. ಬರಿಗೈಯಲ್ಲಿ ಬರಲಿಲ್ಲ. ಕೊಕ್ಕಿನಲ್ಲಿ ಹೆಂಡತಿಗೆಂದು ತಂದ ಮೀನಿತ್ತು. ದೋಣಿಯ ಮೇಲಿನ ಕೊಂಬೆಯಲ್ಲಿ ಕೂತು ಅತ್ತ ನೋಡಿತು, ಇತ್ತ ನೋಡಿತು, ಕೊನೆಗೆ ನನ್ನನ್ನೇ ನೋಡಿತು. ಪ್ರವಾಸಿಗಳು ಫೋಟೊ ಹೊಡೆದರು, ಚಪ್ಪಾಳೆ ತಟ್ಟಿದರು. ಆ ಮೀನನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಅದು ಕೂತೇ ಇತ್ತು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಆ ಕ್ಷಣವೇ ಹೊಳೆಗೆ ಬಿದ್ದುಹೋಗಿದ್ದರೆ ಸಾಕಿತ್ತು.

ಶೀನನ ತಾಯಿ ಮುತ್ತು ಒಮ್ಮೆ ಪೇಟೆಗೆ ಹೋಗಲು, ಸೇತುವೆಯ ತನಕ ನಡೆಯುವ ಬದಲು, ಅದೇ ದೋಣಿ ಹತ್ತಿದರು. ನನ್ನ ಆಟವನ್ನು ಕಣ್ಣಾರೆ ಕಂಡರು. ಪ್ರವಾಸಿಗಳು ಇಳಿದ ಮೇಲೆ ಮಗನ ಕಡೆ ತಿರುಗಿದರು.

“ಶೀನಾ, ಎಂತ ಮಾಡ್ದೆ ನೀನ್? ಕಡವಿನ ಮನಿಯಂಗೆ ಹುಟ್ಟಿ ಸುಳ್ಳ್ ಕೂಕುಳ್ ಹಾಕ್ತ್ಯಾ?”

“ಹಕ್ಕಿ ಅಲ್ದಾ ಅಮ್ಮ? ಅದಕ್ಕೆಂತ ಗೊತ್ತಾತ್ತ್?”

“ಅದಕ್ ಕೆಮಿ ಇಲ್ಯಾ?” ಎಂದು ಮುತ್ತು ತಮ್ಮ ಕಿವಿ ಮುಟ್ಟಿ ತೋರಿಸಿದರು.

ಆ ಹೊಳೆಯ ಕಟ್ಟಳೆ ನನಗೆ ಅಂದು ತಿಳಿಯಿತು. ಆಚೆ ದಡದಲ್ಲಿ ನಿಂತು ದೋಣಿಯವನನ್ನು ಕೂಗುವುದೇ ಕೂಕುಳು. ಕೇಳಿದವನು ‘ಓ’ ಎನ್ನಲೇಬೇಕು, ಎಂಥ ಮಳೆಯಿದ್ದರೂ ದೋಣಿ ಬಿಡಲೇಬೇಕು. ಅದಕ್ಕೇ ತಮಾಷೆಗೂ ಯಾರೂ ಸುಳ್ಳು ಕೂಕುಳು ಹಾಕುವಂತಿಲ್ಲ. ಒಮ್ಮೆ ಮೋಸಹೋದ ಕಿವಿ ನಿಜವಾಗಿ ಕೂಗಿದಾಗ ಏಳುವುದಿಲ್ಲ. ಶೀನನಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವನು ತಲೆ ಕೆರೆದುಕೊಂಡ. ಆದರೆ ಮರುದಿನದ ಪ್ರವಾಸಿಗಳು ಆಗಲೇ ಫೋನ್ ಮಾಡಿಯಾಗಿತ್ತು.

ಬಿಲದಲ್ಲಿ ಮರಿಗಳಾದವು. ಕಿವಿಗೊಟ್ಟರೆ ಅವುಗಳ ಕಿಚಿಪಿಚಿ ದೋಣಿಗೂ ಕೇಳುತ್ತಿತ್ತು. ಗಂಡು ಮಾತ್ರ ಬದಲಾಗುತ್ತ ಬಂತು. ಮೊದಮೊದಲು ಮೀನಿಲ್ಲದೆ ಬಂತು. ಆಮೇಲೆ ದೂರದ ಕೊಂಬೆಯವರೆಗೆ ಬಂದು ನಿಂತಿತು. ಕೊನೆಗೆ ನಾನು ಗಂಟಲು ಹರಿಯುವಂತೆ ಕೂಗಿದರೂ ಕತ್ತು ಸಹ ತಿರುಗಿಸಲಿಲ್ಲ. ಶೀನ ನನ್ನ ಸದ್ದು ಹೆಚ್ಚಿಸಿದ. ಲಜ್ಜೆಗೆಟ್ಟ ನಾನು ಇನ್ನೂ ಜೋರಾಗಿ ಕೂಗಿದೆ.

ಆ ದಿನ ನೀರು ಇಳಿದಿತ್ತು. ದೋಣಿಯಲ್ಲಿ ಮೈಸೂರು ಕಡೆಯ ಒಂದು ಸಂಸಾರವಿತ್ತು. ಇದ್ದಕ್ಕಿದ್ದಂತೆ ಹೆಣ್ಣುಹಕ್ಕಿಯ ಕೂಗು ಎದ್ದಿತು. ನಿಲ್ಲದೆ, ಉಸಿರು ಬಿಡದೆ ಕೂಗಿತು.

ಯಜಮಾನರು ಕಿವಿ ಮುಚ್ಚಿಕೊಂಡರು. “ಸಾಕು ನಿಲ್ಸಿ ರೀ ಆ ಸ್ಪೀಕರ್‌ನ!”

ಶೀನನ ಕೈ ನನ್ನ ಗುಂಡಿಯ ಕಡೆ ಬಂದು ಅರ್ಧದಲ್ಲೇ ನಿಂತಿತು. ನನ್ನ ದೀಪ ಹೊತ್ತಿರಲಿಲ್ಲ.

“ನಾ ಹಾಕ್ಲೇ ಇಲ್ಲೆ, ಸಾರ್,” ಎಂದ.

ದಂಡೆಯ ಮೇಲೆ ಒಂದು ಉಡ ಬಿಲದ ಬಾಯಿಗೆ ತಲೆ ತೂರಿಸುತ್ತಿತ್ತು. ಹೆಣ್ಣು ಒಬ್ಬಳೇ ಅದರ ಮೇಲೆ ಎರಗುತ್ತಿದ್ದಳು, ಕೂಗುತ್ತಿದ್ದಳು. ಗಂಡು ದಂಡೆಯ ಹೊನ್ನೆಮರದ ಕೊಂಬೆಯಲ್ಲೇ ಇತ್ತು. ಕೇಳಿಸಲಿಲ್ಲ ಎನ್ನುವಷ್ಟು ದೂರವೇನೂ ಅಲ್ಲ. ಅದು ದೋಣಿಯ ಕಡೆ, ಅಂದರೆ ನನ್ನ ಕಡೆ ನೋಡಿತು. ಆಮೇಲೆ ರೆಕ್ಕೆಯ ಗರಿ ಹೆಕ್ಕಿಕೊಳ್ಳತೊಡಗಿತು.

“ಹೋಯ್! ಹೋಗಾ, ಅವ್ಳೇ ಕೂಗೂದ್! ಅದ್ ಸುಳ್ಳಲ್ಲ, ಹೋಗಾ!” ಎಂದು ಶೀನ ಹಕ್ಕಿಗೆ ಕಿರುಚಿದ. ದೋಣಿಯ ಹುಟ್ಟಿನಿಂದ ನೀರಿಗೆ ಬಡಿದ. ದೋಣಿ ಕೆಸರಿಗೆ ಸಿಕ್ಕಿಕೊಂಡಿತು. ಅವನು ಹಾರಿ, ಸೊಂಟದವರೆಗೆ ಹೂತು, ಕೈಕಾಲು ಬಡಿಯುತ್ತ ದಂಡೆ ಮುಟ್ಟುವಷ್ಟರಲ್ಲಿ ಉಡ ಬಿಲದಿಂದ ಹೊರಬಂದು ನಿಧಾನವಾಗಿ ಹೋಯಿತು. ಅವನು ಬಿಲಕ್ಕೆ ಕಿವಿಯಿಟ್ಟು ಬಹಳ ಹೊತ್ತು ಕೂತ. ಒಳಗೆ ಸದ್ದಿರಲಿಲ್ಲ.

ಮನೆಗೆ ಬಂದು ನನ್ನನ್ನು ಹೊಳೆಗೆಸೆಯಲು ಕೈ ಎತ್ತಿದ. ಮುತ್ತು ತಡೆದರು. “ಹೊಳಿಗ್ ಹಾಕ್ಬೇಡ ಮಗಾ. ಹೊಳಿ ಎಂತ ತಪ್ಪ್ ಮಾಡಿತ್ತ್? ಕಣ್ಣೆದ್ರಿಗೇ ಇರ್ಲಿ.”

ಅಂದಿನಿಂದ ನಾನು ಗೋಡೆಯ ಹಲಗೆಯ ಮೇಲೆ, ಉಪ್ಪಿನ ಭರಣಿಯ ಪಕ್ಕದಲ್ಲಿದ್ದೇನೆ. ಒಳಗಿನ ಬ್ಯಾಟರಿ ಸತ್ತು, ಜಾಲರಿ ತುಕ್ಕು ಹಿಡಿದಿದೆ. ಶೀನ ಈಗಲೂ ಪ್ರವಾಸಿಗಳನ್ನು ಕರೆದೊಯ್ಯುತ್ತಾನೆ. ‘ಹಕ್ಕಿ ಬಂದ್ರೆ ಕಾಂಬ, ಬರ್ದಿದ್ರೆ ಹೊಳಿ ಕಾಂಬ’ ಎಂದು ಮೊದಲೇ ಹೇಳುತ್ತಾನಂತೆ. ಕೆಲವರು ಬೇಸರಪಟ್ಟುಕೊಂಡು ಹೋಗುತ್ತಾರೆ.

ಆ ಜೋಡಿ ಕುದ್ರು ಬಿಟ್ಟುಹೋಗಿತ್ತು. ಮೊನ್ನೆ ಮಧ್ಯಾಹ್ನ ಶೀನ ಉಣ್ಣುತ್ತಿದ್ದಾಗ ಕಾಂಡ್ಲಾ ಮರಗಳ ಕಡೆಯಿಂದ ಹೆಮ್ಮಿಂಚುಳ್ಳಿಯ ಕೂಗು ಕೇಳಿಸಿತು. ಅವನ ತುತ್ತು ಕೈಯಲ್ಲೇ ನಿಂತಿತು. ಅವನು ಬಾಗಿಲ ಕಡೆ ನೋಡಲಿಲ್ಲ. ಮೊದಲು ನನ್ನ ದೀಪದ ಕಡೆ ನೋಡಿದ.

ಸತ್ತು ಕೂತಿರುವ ನನ್ನನ್ನೂ ಅವನು ನಂಬಲಾರ. ಇನ್ನು ತನ್ನ ಕಿವಿಯನ್ನು ಹೇಗೆ ನಂಬಿಯಾನು?

“ಅದಲ್ಲ ಮಗಾ,” ಒಳಗಿನಿಂದ ಮುತ್ತು ಹೇಳಿದರು, “ಹಕ್ಕಿಯೇ. ಹೋಗ್, ಕಾಣ್.”

ಅವನು ಎಂಜಲು ಕೈಯಲ್ಲೇ ಎದ್ದು ಹೊರಗೆ ಓಡಿದ.