ಹಲಗೆ ಮನೆಯವರಿಗೂ

ಆ ವರ್ಷದ ಚಳಿಗಾಲಕ್ಕೆ ತಲೆಯೇ ನೆಟ್ಟಗಿರಲಿಲ್ಲ. ಒಂದು ದಿನ ಮೊಣಕಾಲುದ್ದ ಹಿಮ, ಮರುದಿನ ಬೆಚ್ಚನೆಯ ತೆಂಕಣ ಗಾಳಿ, ಅದರ ಬೆನ್ನಿಗೇ ಮಳೆ, ರಾತ್ರಿ ಮತ್ತೆ ಹೆಪ್ಪುಗಟ್ಟುವ ಚಳಿ. ಟಿರೋಲಿನ ಓಬರ್‌ಮಾಡ್ ಎಂಬ ಆ ಬೆಟ್ಟದೂರಿನಲ್ಲಿ ಬೆಳಗಾದರೆ ಎಲ್ಲರೂ ಆಕಾಶ ನೋಡಿ ಗೊಣಗುವುದೇ ಆಗಿತ್ತು.

ಆಫ್ರಾಳ ಗಂಡ ವಿಗಿಲ್ ಮತ್ತು ಮಗಳು ಬುರ್ಗಿ ಮೇಲಿನ ಇಳಿಜಾರಿನಲ್ಲಿ ಪ್ರವಾಸಿಗರಿಗೆ ಸ್ಕೀ ಕಲಿಸುತ್ತಿದ್ದರು. ಸಂಜೆ ಬೆಟ್ಟ ಹತ್ತಿಸುವ ಲಿಫ್ಟು ನಿಂತ ಮೇಲೆ ಬೇರೆಯವರು ಗುರುತು ನೆಟ್ಟ ದಾರಿಯಲ್ಲಿ ಇಳಿದು, ಸುತ್ತಿಬರುವ ಬಸ್ಸು ಹಿಡಿದು ಮನೆ ಸೇರುತ್ತಿದ್ದರು. ಇವರಿಬ್ಬರು ಮಾತ್ರ ದಾರಿಯಂಚಿಗೆ ಕಟ್ಟಿದ ಹಗ್ಗ ದಾಟಿ, ಮನೆಯ ಹಿಂದಿನ ಕಡಿದಾದ ಹುಲ್ಲುಗಾವಲಿನ ಮೇಲೆ ಜಾರಿ ನೇರ ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದರು. ಅದು ವಿಗಿಲ್‌ನ ಅಜ್ಜನ ಕಾಲದ ರೂಢಿ. ಕಿಟಕಿಯಲ್ಲಿ ಇಬ್ಬರ ತಲೆ ಕಂಡ ಕೂಡಲೇ ಆಫ್ರಾ ಬ್ರೆಡ್ಡಿನ ಉಂಡೆಗಳನ್ನು ಕುದಿಯುವ ನೀರಿಗೆ ಬಿಡುವಳು. ಅವರು ಬೂಟು ಬಿಚ್ಚಿ, ಒಲೆಗೆ ಕೈ ಕಾಸಿಕೊಳ್ಳುವ ಹೊತ್ತಿಗೆ ಉಂಡೆಗಳು ಬೆಂದು ಮೇಲೆ ತೇಲುತ್ತಿದ್ದವು.

ಜನವರಿಯ ಒಂದು ಬೆಳಿಗ್ಗೆ ಪಕ್ಕದ ಮನೆಯ ಲೇನಿ ಒಳಗೆ ಬಂದಳು. ಹಿಮ ಎಲ್ಲಿ ಕುಸಿಯಬಹುದೆಂದು ನೋಡಿ ದಾರಿ ಮುಚ್ಚಿಸುವ ಊರ ಸಮಿತಿಯಲ್ಲಿ ಅವಳೂ ಒಬ್ಬಳು.

"ವಿಗಿಲ್, ನಿಮ್ಮ ಹುಲ್ಲುಗಾವಲಿನ ಹಿಮ ಬಾಯಿ ಬಿಟ್ಟಿದೆ, ನೋಡ್ದ್ಯಾ? ಮೇಲ್ಗಡೆ ಅಡ್ಡಕ್ಕೆ ಇಷ್ಟಗಲ ಬಿರುಕು. ದಾರಿ ಮುಚ್ಚಿದೆ ಅಂತ ಹಗ್ಗಕ್ಕೆ ಹಲಗೆ ಹಾಕಿಸ್ತಿದೀನಿ. ಆ ಕಡೆಯಿಂದ ಬರ್ಬೇಡಿ."

ವಿಗಿಲ್ ಕಾಫಿ ಹೀರುತ್ತಾ ನಕ್ಕ. "ಬಾಯಿ ಬಿಟ್ರೆ ಒಳ್ಳೇದೇ ಅಲ್ವೇನೆ? ಒಳಗಿನ ಬಿಗಿ ಎಲ್ಲ ಸಡಿಲ ಆಯ್ತು. ನಮ್ಮಜ್ಜ ಅದನ್ನೇ ಹೇಳ್ತಿದ್ದ."

"ನಿಮ್ಮಜ್ಜ ದೊಡ್ಡ ಮನುಷ್ಯ, ಆದ್ರೆ ಆ ಮಾತು ತಪ್ಪು ಕಣೋ. ಬಿರುಕು ಬಿಟ್ಟಿದೆ ಅಂದ್ರೆ ಹಿಮ ಆಗ್ಲೇ ಜಾರೋಕೆ ಶುರು ಮಾಡಿದೆ ಅಂತ. ಪೂರ್ತಿ ಯಾವಾಗ ಬರತ್ತೋ ಯಾರೂ ಹೇಳಕ್ಕಾಗಲ್ಲ. ಈಗ್ಲೇ ಬರಬಹುದು, ವಾರ ಬಿಟ್ಟೂ ಬರಬಹುದು."

"ನಾನು ಹುಟ್ಟಿದಾಗಿಂದ ಅದು ಜಾರಿಲ್ಲ."

"ಆಗ ಬೇಸಿಗೆ ಬೇಸಿಗೆಗೂ ಹುಲ್ಲು ಕೊಯ್ತಿದ್ರಿ. ಗಿಡ್ಡ ಕೂಳೆ ಹಿಮಾನ ಹಿಡ್ಕೋತಿತ್ತು. ಹಸು ಮಾರಿದ್ಮೇಲೆ ನೀನು ಕುಡುಗೋಲು ಮುಟ್ಟಿದ್ಯಾ? ಉದ್ದ ಹುಲ್ಲು ಎಣ್ಣೆ ಹಚ್ಚಿ ಬಾಚಿದ ತಲೆ ಥರ ಮಲಗಿದೆ. ಅದರ ಮೇಲೆ ನೆನೆದ ಹಿಮ ನಿಲ್ಲತ್ತಾ?"

"ಓಹೋ, ಇನ್ನು ಬೆಟ್ಟಕ್ಕೆ ಕ್ಷೌರಾನೂ ಮಾಡಿಸ್ಬೇಕು! ಹೋಗೇ ಲೇನಿ, ಹಲಗೆ ಇರೋದು ಬಂದ ನೆಂಟರಿಗೆ, ಮನೆಯವರಿಗಲ್ಲ."

ಬುರ್ಗಿ ನಕ್ಕಳು. ಆಫ್ರಾಳೂ ನಕ್ಕಳು. ಆ ನಗು ಈಗಲೂ ಅವಳ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿದೆ.

"ನೀನಾದ್ರೂ ಬಸ್ಸಲ್ಲಿ ಬಾ ಮಗಳೇ," ಎಂದಳು ಲೇನಿ.

"ಬಸ್ಸಲ್ಲಿ ಬಂದ್ರೆ ಅಮ್ಮನ ಊಟ ಆರೋಗತ್ತಲ್ಲ, ಲೇನಿ ಅತ್ತೆ!"

ಮಧ್ಯಾಹ್ನ ಬಿಸಿಲು ಬಂತು, ಆಮೇಲೆ ಸಣ್ಣ ಮಳೆ. ಸಂಜೆ ಕಿಟಕಿಯಲ್ಲಿ ಎರಡು ತಲೆ ಕಂಡವು. ಆಫ್ರಾ ಉಂಡೆಗಳನ್ನು ನೀರಿಗೆ ಬಿಟ್ಟಳು. ಬುರ್ಗಿ ಮುಂದೆ, ಅವಳ ಅಪ್ಪ ಹಿಂದೆ. ಬುರ್ಗಿ ಬಿರುಕಿನ ಕೆಳಗಿಳಿದು ಅರ್ಧ ದಾರಿ ಬಂದಿದ್ದಳು. ಮೇಲಿನಿಂದ ದೊಪ್ಪೆಂದು ಸದ್ದಾಯಿತು. ಇಳಿಜಾರಿಗೆ ಇಳಿಜಾರೇ ಕದಲಿತು. ವಿಗಿಲ್ ಬಿರುಕಿನ ಮೇಲುಗಡೆ ನಿಂತೇ ಇದ್ದ, ಮಗಳು ಇರಲಿಲ್ಲ.

ಊರೆಲ್ಲ ಸಲಿಕೆ ಹಿಡಿದು ಓಡಿ ಬಂತು. ಹಿಮದಡಿ ಹೂತವರು ಎಲ್ಲಿದ್ದಾರೆಂದು ಸಂಕೇತ ಕೊಡುವ ಪುಟ್ಟ ಯಂತ್ರವನ್ನು ಬುರ್ಗಿ ಪಾಠ ಮುಗಿದ ಮೇಲೆ ಸ್ಕೀ ಶಾಲೆಯಲ್ಲೇ ಬಿಚ್ಚಿಟ್ಟು ಬಂದಿದ್ದಳು. ಮನೆದಾರಿಗೆ ಅದು ಯಾಕೆ ಎಂದು. ಉದ್ದ ಕಡ್ಡಿಗಳಿಂದ ಚುಚ್ಚಿ ಚುಚ್ಚಿ ಹುಡುಕಬೇಕಾಯಿತು. ಲೇನಿಯ ಕಡ್ಡಿಗೆ ಅವಳು ಸಿಕ್ಕಾಗ ಕತ್ತಲಾಗಿತ್ತು. ಆಫ್ರಾ ಮಗಳ ತಣ್ಣನೆಯ ಕೈಗಳನ್ನು ಉಜ್ಜಿದಳು, ಹೆಸರು ಹಿಡಿದು ಕರೆದಳು. ಬುರ್ಗಿ ಓಗೊಡಲಿಲ್ಲ. ಒಳಗೆ ಒಲೆಯ ಮೇಲೆ ಉಂಡೆಗಳು ಕರಗಿ ಗಂಜಿಯಾಗಿದ್ದವು.

ವಿಗಿಲ್ ಅಳಲಿಲ್ಲ. ಹಿಮ ಕರಗಿದ ಮೇಲೆ ಒಂದು ದಿನ ಹುಲ್ಲುಗಾವಲು ಹತ್ತಿದ. ಹುಲ್ಲೆಲ್ಲ ಕೆಳಮುಖವಾಗಿ ಒಂದೇ ಸಮನೆ ಮಲಗಿತ್ತು. ಕೂತು ಅದರ ಮೇಲೆ ಕೈಯಾಡಿಸಿದ. ಇಳಿದು ಬಂದವನು ನೇರ ಲೇನಿಯ ಬಾಗಿಲಿಗೆ ಹೋದ.

"ನೀನು ಹೇಳಿದ್ಹಾಗೇ ಇದೆ," ಎಂದ. ಅಲ್ಲೇ ಹೊಸ್ತಿಲಲ್ಲಿ ಕುಸಿದು ಅತ್ತ.

ಲೇನಿ 'ಅವತ್ತೇ ಹೇಳಿದ್ದೆ' ಅನ್ನಲಿಲ್ಲ. ಪಕ್ಕದಲ್ಲಿ ಕೂತಳು.

"ಕೊಯ್ದ್ರೆ ಹಿಮ ನಿಲ್ಲತ್ತಾ?" ಎಂದು ಕೇಳಿದ.

"ಕೊಯ್ದ್ರೆ ಒಳ್ಳೇದು. ಆದ್ರೂ ಹಲಗೆ ಹಾಕಿದ ದಿನ ಹಲಗೆ ಮಾತೇ ಮಾತು ಕಣೋ."

ಆ ಬೇಸಿಗೆ ವಿಗಿಲ್ ಅಜ್ಜನ ಉದ್ದ ಕುಡುಗೋಲು ತೆಗೆದು ಮಸೆದ. ಅವನು ಕೊಯ್ದ, ಆಫ್ರಾ ಗೋರಿದಳು. ಬುರ್ಗಿ ಸಿಕ್ಕ ಜಾಗವನ್ನೂ ಬಿಡದೆ ಕೊಯ್ದರು.

ಮುಂದಿನ ಚಳಿಗಾಲ ಜೊತೆಯ ಶಿಕ್ಷಕನೊಬ್ಬ ಹಲಗೆ ತೂಗಿದ್ದ ಹಗ್ಗ ಎತ್ತಿ ನುಸುಳಹೊರಟ. "ನಾನು ಇಲ್ಲಿಯವನೇ ಅಲ್ವಾ ವಿಗಿಲ್, ನಂಗೂ ಹಲಗೇನಾ?" ಎಂದು ನಕ್ಕ. ವಿಗಿಲ್ ಅವನ ತೋಳು ಹಿಡಿದು ನಿಲ್ಲಿಸಿದ.

"ಬುರ್ಗಿನೂ ಇಲ್ಲಿಯವಳೇ," ಎಂದ.

ಇಬ್ಬರೂ ಬಸ್ಸಿನಲ್ಲಿ ಇಳಿದು ಬಂದರು.

ಆಫ್ರಾ ಈಗ ಹಿಂದಿನ ಕಿಟಕಿಯಿಂದ ನೋಡುವುದಿಲ್ಲ. ರಸ್ತೆಯಲ್ಲಿ ಬಸ್ಸು ನಿಂತ ಸದ್ದು ಕೇಳಿದ ಮೇಲೆ ಉಂಡೆಗಳನ್ನು ನೀರಿಗೆ ಬಿಡುತ್ತಾಳೆ.

ಹಿಮದ ಮೇಲೆ ಇಳಿಯುವ ಅಣ್ಣಂದಿರೇ, ಅಕ್ಕಂದಿರೇ, ಆಫ್ರಾಳ ಪರವಾಗಿ ನಿಮ್ಮಲ್ಲೊಂದು ಬೇಡಿಕೆ. ಬೆಳಿಗ್ಗೆ ಹೊರಡುವ ಮುಂಚೆ ಹಿಮಕುಸಿತದ ಸೂಚನೆ ಓದಿ. ಬಾಯಿ ಬಿಟ್ಟ ಹಿಮದ ಕೆಳಗೆ ಕಾಲಿಡಬೇಡಿ. ಯಂತ್ರ ಮನೆ ಮುಟ್ಟುವವರೆಗೂ ಮೈಮೇಲಿರಲಿ. ಬೆಟ್ಟಕ್ಕೆ ನೆಂಟರು, ಮನೆಯವರು ಎಂಬ ಭೇದವಿಲ್ಲ. ಹಲಗೆ ಕಂಡರೆ ಹಿಂತಿರುಗಿ, ಬಳಸುದಾರಿಯಲ್ಲಿ ನಿಧಾನವಾಗಿ ಬನ್ನಿ. ಆರಿದ ಊಟವನ್ನು ಮತ್ತೆ ಬಿಸಿ ಮಾಡಬಹುದು.