ಕಸ್ತೂರೆಮ್ಮನ ಹಸಿವು

ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರು ಕಾರು ನಿಲ್ಲಿಸಿ, ಹಂಪಣ್ಣ ಬಿಸಿಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದ. ಪೊಟ್ಟಣವನ್ನು ಹೆಂಡತಿಯ ತೊಡೆಯ ಮೇಲಿಟ್ಟು, ಕಾರು ಚಾಲೂ ಮಾಡದೆ ಸುಮ್ಮನೆ ಕುಳಿತ. ಅವನಿಗೆ ಮಿರ್ಚಿ ತಿನ್ನುವ ಆಸೆಯೇನೂ ಇರಲಿಲ್ಲ. ಕಸ್ತೂರೆಮ್ಮ ಎಷ್ಟು ತಿನ್ನುತ್ತಾಳೆ ಎಂಬುದನ್ನು ನೋಡಬೇಕಾಗಿತ್ತು.

ಹಿಂದಾದರೆ ಮಸ್ಕಿ ಬಂತೆಂದರೆ ಸಾಕು, ಬಾಣಲೆಯಿಂದ ಮಿರ್ಚಿ ಏಳುವ ಮೊದಲೇ ಆಕೆಯ ಕೈ ಕಿಟಕಿಯ ಹೊರಗಿರುತ್ತಿತ್ತು. ಇವತ್ತು ಒಂದನ್ನು ಎತ್ತಿಕೊಂಡು, ತುದಿ ಮುರಿದು ಬಾಯಿಗೆ ಹಾಕಿ, ಬಹಳ ಹೊತ್ತು ಅಗಿದಳು. "ಖಾರ ಚಲೋ ಹತ್ತೈತಿ" ಎಂದು ಹೊಗಳಿ, ಉಳಿದದ್ದನ್ನು ಪೊಟ್ಟಣದಲ್ಲಿಟ್ಟು ಮಡಚಿದಳು. ಹಂಪಣ್ಣ ಪೊಟ್ಟಣದತ್ತ ನೋಡಿ ಕೇಳಿದ.

"ಸೂಜಿ ಹಾಕ್ಕೊಂಡಿ ಹೌದಲ್ಲ?"

"ಸೋಮವಾರ ಹಾಕ್ಕೊಂಡೆ. ವಾರ ವಾರ ಸೋಮವಾರನ ಹಾಕ್ಕೊಂತೀನಲ್ಲ."

"ಈ ವಾರ ಬಿಡು ಅಂದಿದ್ದೆ. ನೀ ಹೂಂ ಅಂದಿದ್ದಿ!"

"ನೀವು ಹೇಳಿದ್ದು ಕೇಳಿಸ್ತು ಅಂತ ಹೂಂ ಅಂದೆ. ಬಿಡ್ತೀನಿ ಅಂದಿದ್ದೆನೇನು? ಡಾಕ್ಟರ್ ಏನಂದಾರ, ನನ್ನ ಕೇಳಲಾರದ ಬಿಡಬ್ಯಾಡ್ರಿ ಅಂದಾರ. ಮತ್ತ ಒಂದು ವಾರ ಬಿಟ್ಟರ ಹಸಿವು ಓಡಿ ಬಂದು ಬಾಗಿಲಾ ಬಡೀತೈತೇನು?"

ಹಂಪಣ್ಣ ಕಾರು ಚಾಲೂ ಮಾಡಿದ. ಸಿಂಧನೂರಿನಲ್ಲಿ ಭತ್ತದ ವ್ಯಾಪಾರ ಮಾಡುತ್ತ ಎಂಥೆಂಥ ಮಾತುಗಾರರ ಬಾಯಿ ಮುಚ್ಚಿಸಿದ ಮನುಷ್ಯ ಅವನು. ಹೆಂಡತಿಯ ಮುಂದೆ ಮಾತ್ರ ಆ ವಿದ್ಯೆ ಇವತ್ತಿಗೂ ಕೆಲಸಕ್ಕೆ ಬಂದಿಲ್ಲ.

ಇವತ್ತು ಮಗಳು ಐಶ್ವರ್ಯಳ ಗಂಡನ ಮನೆಯಲ್ಲಿ, ಗುರುಗುಂಟಾದಲ್ಲಿ, ಬೀಗರೂಟ. ಅಣ್ಣ ತಮ್ಮಂದಿರು, ಅತ್ತಿಗೆ ನಾದಿನಿಯರೆಲ್ಲ ಕ್ರೂಸರ್ ಜೀಪಿನಲ್ಲಿ ಮುಂದೆ ಹೋಗಿದ್ದರು. ಮಗಳ ಅತ್ತೆ ಬಸ್ಸಮ್ಮ ಆ ಊರಲ್ಲಿ ಹೆಸರಾದ ಹೆಂಗಸು. ಬೀಗತಿಯ ಎಲೆಗೆ ಹೋಳಿಗೆ ಹಾಕಿ, ಆಕೆ ಹೊಟ್ಟೆತುಂಬ ಉಂಡದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಎಲೆಗೆ ಹೋಗುವುದು ಆ ಮನೆಯ ಪದ್ಧತಿ. ಉಣ್ಣದೆ ಎದ್ದ ಬೀಗತಿ ಮನೆಯನ್ನೇ ತಿರಸ್ಕರಿಸಿದಂತೆ. ಬಸ್ಸಮ್ಮನ ದೊಡ್ಡ ಸೊಸೆಯ ತಾಯಿ ಹಿಂದೊಮ್ಮೆ ಹೋಳಿಗೆ ಸರಿಸಿ ಎದ್ದಿದ್ದಳಂತೆ. ಆ ಸೊಸೆ ಇವತ್ತಿಗೂ ಅದಕ್ಕೆ ಚುಚ್ಚುಮಾತು ಕೇಳಬೇಕಂತೆ. ಇದನ್ನು ಫೋನಿನಲ್ಲಿ ಹೇಳಿದವಳು ಐಶ್ವರ್ಯಳೇ. ಹೇಳುವಾಗ ಅವಳ ದನಿ ಸಣ್ಣಗಾಗಿತ್ತು. ಅಂದಿನಿಂದ ಹಂಪಣ್ಣನಿಗೆ ಊಟ ನಿದ್ದೆ ಸರಿಯಿಲ್ಲ.

"ಇವತ್ತ ವ್ರತ ಐತಿ ಅಂತ ಹೇಳಿಬಿಡ್ತೀನಿ" ಎಂದ ಲಿಂಗಸುಗೂರು ದಾಟುವಾಗ.

"ನಿಮ್ಮ ಸುಳ್ಳಿಗೆ ಶಿವನ್ನ ಸಾಕ್ಷಿ ಕರೀಬ್ಯಾಡ್ರಿ."

"ಮತ್ತೇನ್ ಮಾಡೂಣು? ಹೆಣ್ಣು ಕೊಟ್ಟೀವಿ. ನಾಳಿ ಆ ಕೂಸು ಅವರ ಕೈಯಾಗ ಬಾಳೇ ಮಾಡಬೇಕು."

ಕಸ್ತೂರೆಮ್ಮ ಮಡಚಿದ ಪೊಟ್ಟಣವನ್ನೇ ಮತ್ತೆ ಮತ್ತೆ ಮಡಚಿದಳು. ಕಿಟಕಿಯ ಹೊರಗೆ ನೋಡಿದಳು. ಕಾಲುವೆಯ ಹಸಿರು ಆಗಲೇ ಹಿಂದೆ ಉಳಿದಿತ್ತು. ಇಲ್ಲಿ ತೊಗರಿ, ಕಲ್ಲು, ಕುರಿಹಿಂಡು. ಆಕೆಗೂ ಅಂಜಿಕೆಯಿದೆ ಎಂಬುದು ಹಂಪಣ್ಣನಿಗೆ ಆಗ ತಿಳಿಯಿತು. ಅಂಜಿಯೂ ಸೂಜಿ ಬಿಟ್ಟಿರಲಿಲ್ಲ.

ಅದರ ಹಿಂದಿನ ಕಥೆ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಸ್ತೂರೆಮ್ಮ ಉಣ್ಣುವುದರಲ್ಲೂ ಉಣಿಸುವುದರಲ್ಲೂ ಒಂದೇ ಸಮ. ಮೈ ಬೆಳೆಯುತ್ತ ಹೋಯಿತು, ಮೊಣಕಾಲು ಸವೆಯುತ್ತ ಹೋಯಿತು. ಕಡೆಗೆ ನೆಲದ ಮೇಲೆ ಕುಳಿತರೆ ಏಳಲು ಇಬ್ಬರು ಬೇಕಾದರು. ಚಿಕ್ಕಂದಿನಿಂದ ನೆಲದಲ್ಲಿ ಕುಳಿತು ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದವಳು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಬೇಕಾಯಿತು. ಅದೊಂದನ್ನು ಆಕೆಗೆ ಸಹಿಸಲಾಗಲಿಲ್ಲ. "ಶಿವನ ಮುಂದ ಸಾಹೇಬರ ಗತೆ ಕುರ್ಚಿ ಹಾಕ್ಕೊಂಡು ಕುಂತೀನಿ ನೋಡ್ರಿ" ಎಂದು ನಗುತ್ತ ಹೇಳಿದವಳು, ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಳು. ಸಿಂಧನೂರಿನ ಡಾಕ್ಟರು ತೂಕ ಇಳಿಯದೆ ಮೊಣಕಾಲಿಗೆ ದಾರಿಯಿಲ್ಲ ಎಂದರು. ರಕ್ತ, ಸಕ್ಕರೆ ಎಲ್ಲ ಪರೀಕ್ಷೆ ಮಾಡಿಸಿ, ಹಸಿವು ತಗ್ಗಿಸುವ ಸೂಜಿ ಬರೆದುಕೊಟ್ಟರು. ಚೀಟಿಯಿಲ್ಲದೆ ಯಾರೂ ಕೊಡದ, ಪೆನ್ನಿನಂಥ ಸೂಜಿ. ಅದು ಮನೆಯ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕದಲ್ಲೇ ಕುಳಿತುಕೊಂಡಿತು.

"ಹಸಿವು ಕೊಲ್ಲಾಕ ಔಷಧಾನ? ಇನ್ನೇನೇನು ನೋಡಬೇಕು ಈ ಕಣ್ಣೀಲೆ" ಎಂದು ಹಂಪಣ್ಣ ಮೊದಮೊದಲು ಮೂಗು ಮುರಿದಿದ್ದ. ಸೂಜಿ ಹಾಕಿಕೊಂಡು ಮಲಗಿದರೆ ಮೈ ತಾನೇ ಕರಗುತ್ತದೆ, ಇದು ಶ್ರೀಮಂತರ ಸೋಮಾರಿತನ ಎಂದುಕೊಂಡಿದ್ದ. ಆಮೇಲೆ ನೋಡಿದ. ಶುರುವಿನ ವಾರಗಳಲ್ಲಿ ಆಕೆಗೆ ಒಗ್ಗರಣೆಯ ವಾಸನೆ ಬಂದರೆ ವಾಕರಿಕೆ. ಆದರೂ ಮೂಗಿಗೆ ಸೆರಗು ಕಟ್ಟಿಕೊಂಡು, ಅಂಗಡಿಯ ಹಮಾಲರಿಗೆ ಮಧ್ಯಾಹ್ನದ ಅಡಿಗೆ ಮಾಡಿ ಕಳಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ತಾನು ಚಿಕ್ಕ ಬಟ್ಟಲಿನಲ್ಲಿ ಬೇಳೆ, ಮೊಳಕೆ ಕಾಳು ಇಟ್ಟುಕೊಂಡು, ಬೇಡವಾದರೂ ನಿಧಾನಕ್ಕೆ ಅಗಿದು ತಿನ್ನುತ್ತಿದ್ದಳು. ಸಂಜೆಗೆ ಕಾಲುವೆಯ ದಂಡೆಯ ಮೇಲೆ ನಡಿಗೆ. ಮೊದಲು ಒಂದು ಬೇವಿನ ಮರದವರೆಗೆ, ಆಮೇಲೆ ಸೇತುವೆಯವರೆಗೆ. ನೋವಿಗೆ ತುಟಿ ಕಚ್ಚಿ ನಡೆಯುವಾಕೆಯ ಹಿಂದೆ ಹಂಪಣ್ಣ ಸುಮ್ಮನೆ ಹೋಗುತ್ತಿದ್ದ. ಇಂಥ ಗಟ್ಟಿ ಹೆಂಗಸಿನ ಜೊತೆ ಇಷ್ಟು ವರ್ಷ ಬಾಳಿಯೂ ನನಗೆ ಗೊತ್ತಾಗಲಿಲ್ಲವಲ್ಲ ಎಂದು ಅವನಿಗೆ ಅನ್ನಿಸಿದ್ದುಂಟು. ಬಾಯಿ ಬಿಟ್ಟು ಹೇಳಿದ್ದಿಲ್ಲ.

ಗುರುಗುಂಟಾದ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಬಸ್ಸಮ್ಮ ಬಾಗಿಲಲ್ಲೇ ನಿಂತು ಕಾಲಿಗೆ ನೀರು ಕೊಟ್ಟಳು. ಕಡ್ಡಿಯಂಥ ಮೈ, ಬಿಸಿಲಲ್ಲಿ ಬೆಂದ ಮುಖ, ಹಿಟ್ಟು ಹತ್ತಿದ ಕೈ. "ಬರ್ರಿ ಬೀಗತಿ, ಬರ್ರಿ. ಇವತ್ತ ನೀವು ಯಾವುದಕೂ ಬ್ಯಾಡ ಅನ್ನಂಗಿಲ್ಲ, ನಾವು ನಿಮಗ ಇಲ್ಲ ಅನ್ನಂಗಿಲ್ಲ. ಇದು ನಮ್ಮ ಮನಿ ರಿವಾಜು" ಎಂದಳು. ಹಂಪಣ್ಣ ಹಲ್ಲು ಕಿರಿದ.

ಅಂಗಳದಲ್ಲಿ ಎದುರುಬದುರು ಎರಡು ಪಂಕ್ತಿ, ಒಂದು ಗಂಡಸರದು, ಒಂದು ಹೆಂಗಸರದು. ಅಳಿಯ ವೀರೇಶ ಅತ್ತೆಗೆಂದು ಕುರ್ಚಿ ತಂದ. "ಬ್ಯಾಡಪ್ಪ, ಎಲ್ಲಾರ ಗತೆ ಕೆಳಗ ಕುಂಡ್ರತೀನಿ" ಎಂದು ಕಸ್ತೂರೆಮ್ಮ ಗೋಡೆಗೆ ಕೈಯಾನಿಸಿ, ಮೆಲ್ಲಗೆ, ಚಾಪೆಯ ಮೇಲೆ ಕುಳಿತಳು. ಮನೆಯಲ್ಲೂ ಈ ಸಾಹಸವನ್ನು ಇನ್ನೂ ಮಾಡಿರಲಿಲ್ಲ ಆಕೆ.

ಎಲೆಗೆ ಬದನೆಕಾಯಿ, ಕಾಳುಪಲ್ಯ, ಕೋಸಂಬರಿ ಬಂದವು. ಬಡಿಸುತ್ತಿದ್ದ ಐಶ್ವರ್ಯಳಿಗೆ ಕಸ್ತೂರೆಮ್ಮ ಕಣ್ಣಲ್ಲೇ ಹೇಳಿದಳು, ಸ್ವಲ್ಪ, ಸ್ವಲ್ಪ. ಹೋಳಿಗೆಯಲ್ಲೂ ಕಾಲುಭಾಗ ಹಾಕಿಸಿಕೊಂಡಳು. ಅದನ್ನು ಅವಸರವಿಲ್ಲದೆ ಚೂರುಚೂರಾಗಿ ತಿಂದಳು. ಹೂರಣವನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದ್ದನ್ನು ಹಂಪಣ್ಣ ಎದುರಿನಿಂದ ನೋಡಿದ. ಎಲೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ಪ್ರಸಾದ ಚೆಲ್ಲುವ ಮನೆತನವಲ್ಲ ಅದು. ಇನ್ನು ಪಾರಾದೆವು ಎಂದು ಅವನು ಅಂದುಕೊಳ್ಳುವಷ್ಟರಲ್ಲಿ, ಹೋಳಿಗೆಯ ಬುಟ್ಟಿ ಸೊಂಟಕ್ಕೇರಿಸಿಕೊಂಡು ಬಸ್ಸಮ್ಮ ಬಂದು ನಿಂತಳು.

"ಇದೇನ್ ಬೀಗತಿ, ಗುಬ್ಬಿ ಊಟ? ಎರಡು ಹಾಕ್ತೀನಿ, ಹಿಡೀರಿ."

"ಸಾಕ್ರಿ ಅಕ್ಕಾರ. ಬಾಳ ರುಚಿ ಆಗೈತಿ."

"ರುಚಿ ಆದರ ಉಣ್ಣಬೇಕು. ನಿಮ್ಮ ಎಲಿ ಬಿಟ್ಟು ನಾ ಮುಂದ ಹೋಗಾಕಿ ಅಲ್ಲ."

ಪಂಕ್ತಿಯಲ್ಲಿ ಕೈಗಳು ನಿಂತವು. ಕಟ್ಟೆಯ ಮೇಲೆ ಕುಳಿತ ಓಣಿಯ ಹೆಂಗಸರು ಮಾತು ನಿಲ್ಲಿಸಿ ಈ ಕಡೆ ತಿರುಗಿದರು. ಅಡಿಗೆಮನೆಯ ಬಾಗಿಲಲ್ಲಿ ಐಶ್ವರ್ಯ ಪಲ್ಯದ ಪಾತ್ರೆ ಹಿಡಿದು ನೆಲ ನೋಡುತ್ತ ನಿಂತಳು. ವ್ರತದ ಮಾತು ಹಂಪಣ್ಣನ ನಾಲಿಗೆಯ ತುದಿಗೆ ಬಂತು. ಕಸ್ತೂರೆಮ್ಮ ಅವನ ಕಡೆ ಒಮ್ಮೆ ನೋಡಿದಳು. ಅವನು ನುಂಗಿಕೊಂಡ.

"ಅಕ್ಕಾರ, ನಿಮ್ಮ ಮುಂದ ಮುಚ್ಚಿ ಇಡೂದೇನೈತಿ" ಎಂದಳು ಕಸ್ತೂರೆಮ್ಮ, ಎಲ್ಲರಿಗೂ ಕೇಳುವಂತೆ. "ಮೈ ಇಳಸಾಕ ಡಾಕ್ಟರ್ ನನಗ ಹಸಿವು ಕಡಿಮಿ ಆಗೂ ಸೂಜಿ ಕೊಟ್ಟಾರ. ಇದರ ಮ್ಯಾಲ ಒಂದು ತುತ್ತು ತಿಂದರೂ ಹೊಟ್ಟ್ಯಾಗ ನಿಲ್ಲಂಗಿಲ್ಲ. ನಿಮ್ಮ ಹೋಳಿಗಿ ಮ್ಯಾಲ ನನಗ ಸಿಟ್ಟಿಲ್ಲ, ನಿಮ್ಮ ಮನಿ ಮ್ಯಾಲೂ ಇಲ್ಲ."

ಬಸ್ಸಮ್ಮನ ಮುಖ ಬಿಗಿಯಿತು.

"ಹಸಿವು ಕಡಿಮಿ ಆಗಾಕ ಸೂಜಿ?" ಎಂದಳು. "ನಾನು ಸಣ್ಣಾಕಿ ಇದ್ದಾಗ ನಮ್ಮವ್ವ ಜ್ವಾಳದ ನುಚ್ಚು ಕುದಿಸಿ, ನಮಗ ಕೊಟ್ಟು, ತಾ ನೀರು ಕುಡದು ಮಲಗತಿದ್ಲು. ಆಕಿಗೆ ಆವಾಗ ಆ ಸೂಜಿ ಸಿಕ್ಕಿದ್ದರ ಚಲೋ ಇತ್ತು. ಕಾಲವಿ ನೀರಿನ ಮಂದಿ ನೀವು, ಹಸಿವು ಸಾಯಿಸಾಕ ಔಷಧ ತಗೋತೀರಿ."

ಹಂಪಣ್ಣನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಬಸ್ಸಮ್ಮ ಆಡಿದ ಮಾತಿನಲ್ಲಿ ಸುಳ್ಳಿದ್ದರೆ ತಿರುಗಿ ಆಡಬಹುದಿತ್ತು. ಐಶ್ವರ್ಯಳ ಕಣ್ಣು ತುಂಬಿದ್ದು ಅವನಿಗೆ ಅಷ್ಟು ದೂರದಿಂದಲೂ ಕಂಡಿತು.

ಕಸ್ತೂರೆಮ್ಮ ಮಾತ್ರ ತಲೆ ತಗ್ಗಿಸಲಿಲ್ಲ. ಬಸ್ಸಮ್ಮನ ಮುಖವನ್ನೇ ನೋಡುತ್ತಿದ್ದಳು. ಒಣಗಿದ ತುಟಿ ನೋಡಿದಳು, ಬುಟ್ಟಿಯ ಪಕ್ಕ ಒಳಸರಿದ ಹೊಟ್ಟೆಯನ್ನೂ ನೋಡಿದಳು.

"ನೀವು ಉಂಡೀರೇನ್ರಿ ಅಕ್ಕಾರ?"

"ನಾನಾ? ಮನಿಯಾಕಿ ಕಡೀಗೆ ಉಣ್ಣೂದು. ಬೀಗರು ಎದ್ದ ಮ್ಯಾಲ, ಊರ ಮಂದಿ ಎದ್ದ ಮ್ಯಾಲ."

"ಮುಂಜಾನಿಂದ ಏನರ ತಿಂದೀರಿ?"

"ಚಾ ಕುಡದೀನಿ. ಅದ್ಯಾಕ ಈಗ?"

"ನನ್ನ ಹಸಿವು ಕಡಿಮಿ ಆಗೈತ್ರಿ. ಮಂದಿ ಹಸಿವು ಇನ್ನೂ ಕಾಣತೈತಿ" ಎಂದು ಕಸ್ತೂರೆಮ್ಮ ಮುಂದಕ್ಕೆ ಬಾಗಿ, ಒಂದು ಅಂಗೈ ನೆಲಕ್ಕೂರಿದಳು. ಹಂಪಣ್ಣ ಅರ್ಧ ಎದ್ದ. ಪಕ್ಕದ ನಾದಿನಿ ಕೈ ಚಾಚಿದಳು. ಯಾರ ಕೈಯೂ ಬೇಕಾಗಲಿಲ್ಲ. ಮೊಣಕಾಲು ಲಟಕ್ಕೆಂದ ಸದ್ದು ಎದುರಿನ ಪಂಕ್ತಿಗೂ ಕೇಳಿಸಿತು. ಹಣೆಯ ಮೇಲೆ ಬೆವರು ಮೂಡಿತು. ಕಸ್ತೂರೆಮ್ಮ ಎದ್ದು ನಿಂತಿದ್ದಳು. ಎದ್ದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಸ್ಸಮ್ಮನ ಬುಟ್ಟಿಗೆ ಕೈ ಹಾಕಿದಳು.

"ಇದೇನ್ ಮಾಡ್ತೀರಿ? ಬೀಗತಿ ಕೈಲೆ ಬಡಸಿಕೊಂಡರ ಊರ ಮಂದಿ ನಗತಾರ!"

"ನಗಲಿ ಬಿಡ್ರಿ, ಬೀಗರೂಟದ ದಿನ. ಬಾಗಿಲದಾಗ ನೀವೇ ಅಂದೀರಿ, ಇವತ್ತ ನನಗ ಇಲ್ಲ ಅನ್ನಂಗಿಲ್ಲ ಅಂತ. ನಾ ಕೇಳೂದು ಇಷ್ಟೇ. ನನ್ನ ಕಣ್ಣ ಮುಂದ ಕುಂತು ಉಣ್ರಿ."

ಬಸ್ಸಮ್ಮ ಬುಟ್ಟಿ ಬಿಡಲಿಲ್ಲ. ಇಬ್ಬರ ಕೈಯಲ್ಲೂ ಬುಟ್ಟಿ, ನಡುವೆ ಹೋಳಿಗೆಯ ಬಿಸಿ. ಕಟ್ಟೆಯ ಮೇಲಿಂದ ಒಬ್ಬ ಮುದುಕಿ, "ಕುಂಡ್ರಬೇ ಬಸ್ಸಿ. ನಿನ್ನ ರಿವಾಜು ನಿನಗೇ ಸುತ್ತಿಗೊಂಡೈತಿ" ಎಂದಳು. ಯಾರೋ ಕಿಸಕ್ಕೆಂದರು. ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಸ್ಸಮ್ಮನ ಕೈ ಸಡಿಲಾಯಿತು. "ಎಂಥಾ ಹೆಣ್ಮಗಳ ಬೇ ನೀ" ಎಂದು ಗೊಣಗಿದಳು. ರೀ ಬಿಟ್ಟು ನೀ ಅಂದದ್ದು ಆಕೆಗೇ ತಿಳಿದಂತಿರಲಿಲ್ಲ. ಐಶ್ವರ್ಯ ಓಡಿಬಂದು ಹೊಸ ಎಲೆ ಹಾಕಿ ನೀರು ಚಿಮುಕಿಸಿದಳು. ಬಸ್ಸಮ್ಮ ಕುಳಿತಳು.

ಮೊದಲ ತುತ್ತು ನಾಚಿಕೆಯದು. ಎರಡನೆಯದಕ್ಕೂ ಸುತ್ತ ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟಳು. ಬೆಳಗಿನ ಜಾವದಿಂದ ಹೂರಣ ರುಬ್ಬಿ, ಬೆಂಕಿಯ ಮುಂದೆ ಬೆಂದು, ಎಲ್ಲರಿಗೂ ಉಣ್ಣಿ ಉಣ್ಣಿ ಎಂದವಳು, ತಲೆ ತಗ್ಗಿಸಿ ತನ್ನ ಹಸಿವಿಗೆ ಉಂಡಳು. ತನ್ನ ಹೋಳಿಗೆ ಬಿಸಿಯಿರುವಾಗ ಹೇಗಿರುತ್ತದೆ ಎಂಬುದು ಎಷ್ಟು ವರ್ಷದಿಂದ ಆಕೆಗೆ ಗೊತ್ತಿರಲಿಲ್ಲವೋ ಏನೋ. ಕಸ್ತೂರೆಮ್ಮ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಎದುರು ನಿಂತಿದ್ದಳು. ಮುಂದಿನ ಎಲೆಗೆ ಹೋಗುವ ಅವಸರ ಆಕೆಗೂ ಇರಲಿಲ್ಲ.

ಹಂಪಣ್ಣ ತನ್ನ ಎಲೆ ಮರೆತು ನೋಡುತ್ತಿದ್ದ. ಇವಳು ನನ್ನ ಹೆಂಡತಿ ಎಂದು ಪಕ್ಕದಲ್ಲಿ ಕುಳಿತ ಗುರುತಿಲ್ಲದವನಿಗೆ ಹೇಳಬೇಕೆನಿಸಿತು. ಹೇಳಿಯೂಬಿಟ್ಟ. ಆ ಮನುಷ್ಯ "ಗೊತ್ತೈತ್ರಿ, ಹೋಳಿಗಿ ಉಣ್ರಿ" ಎಂದ.

ಬಸ್ಸಮ್ಮ ತಲೆಯೆತ್ತದೆ ಏನೋ ಅಂದಳು.

"ಏನಂದ್ರಿ ಅಕ್ಕಾರ?"

"ತುಪ್ಪ" ಎಂದಳು ಬಸ್ಸಮ್ಮ. "ತುಪ್ಪ ಕಡಿಮಿ ಆತು. ಹಾಕು."

ಐಶ್ವರ್ಯ ತುಪ್ಪದ ಗಿಂಡಿ ತಂದು ತಾಯಿಯ ಕೈಗೆ ಕೊಟ್ಟಳು. ಕಸ್ತೂರೆಮ್ಮ ಬಾಗಿ, ಹೋಳಿಗೆಯ ಮೇಲೆ ತುಪ್ಪ ಬಿಡತೊಡಗಿದಳು. ಸಣ್ಣಗೆ ಎಳೆಯಾಗಿ ಇಳಿಯಿತು, ಹೋಳಿಗೆ ನೆನೆಯಿತು, ಎಲೆಯ ನರದುದ್ದಕ್ಕೂ ಹರಿಯಿತು. ಸಾಕೆನ್ನಲು ಬಸ್ಸಮ್ಮನ ಕೈ ಮೇಲೇಳಲಿಲ್ಲ.