ಮಖಮಲ್ಲಿನ ಹಿಂಬದಿಯ ಬಾಣ

ಮೇಲಕ್ಕೆ ಸವರಿದರೆ ಕಡುಬಣ್ಣ, ಕೆಳಕ್ಕೆ ಸವರಿದರೆ ತಿಳಿ — ಬಸ್ಸಿನ ಮುಂದಿನ ಸೀಟಿನ ಬೆನ್ನಿಗೆ ಹೊದಿಸಿದ್ದ ಹಸಿರು ಮಖಮಲ್ಲಿನ ಮೇಲೆ ಅವಳ ತೋರುಬೆರಳು ತಾನಾಗಿಯೇ ಓಡಾಡುತ್ತಿತ್ತು, ಯಾವುದೋ ಮಗು ಅಂಗೈ ಒತ್ತಿ ಇಳಿದುಹೋದ ಗುರುತು ಅಲ್ಲಿನ್ನೂ ಇದೆ, ಐದು ಬೆರಳೂ ಮಬ್ಬಾಗಿ, ಒಂದು ಸಲ ಕೆಳಕ್ಕೆ ಸವರಿದರೆ ಸಾಕು ಅಳಿಸಿಹೋಗುತ್ತದೆ, ಬಟ್ಟೆಗೆ ಮರೆಯುವುದು ಎಷ್ಟು ಸುಲಭ, ಅವಳು ಸವರಲಿಲ್ಲ, ಕೈ ಹಿಂದಕ್ಕೆ ಎಳೆದುಕೊಂಡು ಮಡಿಲಿನ ಚೀಲವನ್ನು ತಬ್ಬಿಕೊಂಡಳು, ಒಳಗೆ ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟ ಅಮ್ಮನ ಕತ್ತರಿ, ಅದರ ತೂಕ ತೊಡೆಗೆ ತಿಳಿಯುತ್ತಿದೆ. ಅಕ್ಕ ಫೋನಿನಲ್ಲಿ ಕೇಳಿದ್ದು ಅದನ್ನೇ. ಹನ್ನೊಂದು ವರ್ಷದ ಮೇಲೆ ಮೊನ್ನೆ ಮಧ್ಯಾಹ್ನ ಬಂದ ಫೋನು, ಇವಳು ಅಂಗಡಿಯಲ್ಲಿ ಯಾರದೋ ಪ್ಯಾಂಟಿನ ಕಾಲು ಮಡಿಸುತ್ತ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಾಗ, ನಾನು ಕಣೇ ಗುಬ್ಬಿ, ಅಂದಳು ಅಕ್ಕ, ಅಷ್ಟೇ, ಗುಬ್ಬಿ ಅಂತ ಕರೆಯುವವರು ಈ ಭೂಮಿಯ ಮೇಲೆ ಇನ್ನು ಯಾರಿದ್ದಾರೆ, ಬಾಯಲ್ಲಿ ಮೂರು ಗುಂಡುಸೂಜಿ ಇಟ್ಟುಕೊಂಡು ಅಳುವುದು ಹೇಗೆ, ನುಂಗಿಬಿಟ್ಟರೆ ಆಸ್ಪತ್ರೆ ಸೇರಬೇಕು, ಅಕ್ಕ ಇರುವುದೂ ಆಸ್ಪತ್ರೆಯಲ್ಲೇ ಅಂತೆ — ಬಟ್ಟೆ ಕೋಣೆಯಲ್ಲಿ, ಒಗೆದು ಬಂದ ಹಾಸಿಗೆ ಬಟ್ಟೆಗಳನ್ನು ಬೆಳಗಿಂದ ಸಂಜೆಯವರೆಗೆ ಮಡಿಚುವ ಕೆಲಸ, ಮಡಿಚೋದು ಮಾತ್ರ ಗುಬ್ಬಿ, ಕತ್ತರಿ ಮುಟ್ಟಲ್ಲ. ಅಲ್ಲಿನ ನರ್ಸಮ್ಮ ಒಬ್ಬರು ಕೈ ಹಿಡಿದು ಚರ್ಚಿಗೆ ಕರೆದುಕೊಂಡು ಹೋದರಂತೆ, ಈಗ ಅದೇ ತವರುಮನೆ, ದೀಕ್ಷಾಸ್ನಾನ ಆಗಿ ಮೂರು ವರ್ಷ, ಶಿಲುಬೆಯ ಹಿಂದೆ ಹೊಸ ಪರದೆ ಆಗಬೇಕು, ಮಖಮಲ್ಲು ಬಂದು ಬಿದ್ದಿದೆ, ಎಲ್ಲರೂ ನೀನೇ ಕತ್ತರಿಸು ಅಂತಾರೆ, ನನಗೆ ಆಗಲ್ಲ ಕಣೇ, ನನ್ನ ಕೈ ಏನು ಮಾಡ್ತು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಶನಿವಾರ ಬೆಳಿಗ್ಗೆ ಬಾ, ಅಮ್ಮನ ಕತ್ತರಿ ತಗೊಂಡು ಬಾ, ನಿನ್ನ ಕೈ ತಪ್ಪಲ್ಲ. ನಿನ್ನ ಕೈ ತಪ್ಪಲ್ಲ — ಬಸ್ಸು ತಿರುವಿನಲ್ಲಿ ವಾಲಿತು, ಕತ್ತರಿಯ ಮೊನೆ ಟವೆಲ್ಲು ದಾಟಿ ಅವಳ ಮೊಣಕಾಲಿಗೆ ಚುಚ್ಚಿತು, ಚುಚ್ಚಲಿ, ಹೇಳಿಬಿಡಬೇಕು, ಇವತ್ತೇ, ಬಟ್ಟೆಗೆ ಕತ್ತರಿ ತಾಗುವ ಮೊದಲು, ಇಲ್ಲವೇ ಸುಮ್ಮನೆ ಕತ್ತರಿಸಿಕೊಟ್ಟು ಬಂದುಬಿಡಬೇಕು, ಯಾರಿಗೆ ಗೊತ್ತಾಗುತ್ತದೆ, ಯಾರಿಗೂ ಗೊತ್ತಿಲ್ಲವಲ್ಲ, ಹನ್ನೊಂದು ವರ್ಷ ಯಾರಿಗೂ ಗೊತ್ತಾಗಲಿಲ್ಲವಲ್ಲ.

ಆಗಿನದು ನೀಲಿ ಮಖಮಲ್ಲು. ರಂಗಮಂದಿರದ ಹೊಸ ಪರದೆ, ಹತ್ತು ಪಟ್ಟಿ, ಅಕ್ಕ ಕತ್ತರಿಸುವವಳು, ಇವಳು ಹೊಲಿಯುವವಳು, ಪರದೆ ಚೆನ್ನಾಗಿ ಬಂದರೆ ವೇಷಭೂಷಣದ ಕೆಲಸವೆಲ್ಲ ನಿಮಗೇ ಅಂದಿದ್ದ ಮ್ಯಾನೇಜರು, ಮಂದಿರದ ಪಕ್ಕದ ಕೋಣೆಯೂ ನಿಮಗೇ, ಬೋರ್ಡು ಕೂಡ ಬರೆಸಿಯಾಗಿತ್ತು, ಅಕ್ಕ ತಂಗಿ ಹೊಲಿಗೆ ಮನೆ, ಹಳದಿ ಅಕ್ಷರ, ಬಣ್ಣ ಒಣಗುವ ಮೊದಲೇ ಇವಳು ಮುಟ್ಟಿನೋಡಿ ಹೆಬ್ಬೆರಳು ಹಳದಿ ಮಾಡಿಕೊಂಡಿದ್ದಳು. ಮಖಮಲ್ಲಿನ ನವಿರು, ಆ ಕೂದಲಿನಂಥ ಎಳೆ, ಎಲ್ಲ ಪಟ್ಟಿಗಳಲ್ಲೂ ಒಂದೇ ಕಡೆಗೆ ಮಲಗಬೇಕು, ಒಂದು ಪಟ್ಟಿ ತಲೆಕೆಳಗಾದರೂ ದೀಪ ಬಿದ್ದಾಗ ಅದೊಂದು ಬೇರೆಯೇ ಬಣ್ಣ, ಅದಕ್ಕೇ ಅಕ್ಕ ಪ್ರತಿ ಪಟ್ಟಿಯ ಹಿಂಬದಿಗೆ ಮೇಣದ ಬಳಪದಿಂದ ಬಾಣ ಬರೆಯುತ್ತಿದ್ದಳು, ಮೊನೆ ಕೆಳಕ್ಕೆ, ಆದರೆ ಮೇಣ ಬಿಸಿ ತಾಗಿದರೆ ಮಾಯ, ಆದ್ದರಿಂದ ಇಸ್ತ್ರಿಯ ಹಬೆ ಹಿಡಿಯುವ ಮೊದಲು ಬಾಣದ ಮೇಲೆ ಬಿಳಿ ದಾರದಲ್ಲಿ ಮೂರು ಹೊಲಿಗೆ ಹಾಕುವುದು ಇವಳ ಪಾಲಿನ ಕೆಲಸ, ಬಾಣ ನನ್ನದು, ಮೂರು ಹೊಲಿಗೆ ನಿನ್ನದು ಅನ್ನುತ್ತಿದ್ದಳು ಅಕ್ಕ, ದಿನಕ್ಕೆ ಹತ್ತು ಸಲ, ತಲೆ ಚಿಟ್ಟುಹಿಡಿಯುವಷ್ಟು ಸಲ. ಅವತ್ತು ಬೆಳಿಗ್ಗೆ ಇವಳು ಕೇಳಿದ್ದಳು, ಅಕ್ಕಾ, ಒಂದೇ ಒಂದು ಪಟ್ಟಿ ನಾನು ಕತ್ತರಿಸ್ತೀನಿ, ಅಕ್ಕ ತಲೆ ಎತ್ತದೆ, ಇನ್ನೊಂದು ವರ್ಷ ಹೋಗಲಿ ಕಣೇ, ಅಂದಳು, ಅಷ್ಟಕ್ಕೇ ಇವಳಿಗೆ ಮೂಗಿನ ತುದಿಗೆ ಸಿಟ್ಟು, ಮೂರು ಹೊಲಿಗೆಯಂತೆ ಮೂರು ಹೊಲಿಗೆ, ನಾನೇನು ನಿನ್ನ ಸೂಜಿಯೇ, ಬಿಟ್ಟಳು, ಉಳಿದ ಪಟ್ಟಿಗಳಿಗೆ ಹೊಲಿಗೆ ಹಾಕದೆ ನೇರ ಹಬೆ ಹಿಡಿದಳು. ಬಾಣಗಳು ಒಂದೊಂದೇ ಕರಗಿಹೋದವು. ಹಬೆ ಕುಡಿದ ನವಿರು ನೆಟ್ಟಗೆ ಎದ್ದು ನಿಂತಿತ್ತು, ಯಾವ ಕಡೆ ಸವರಿದರೂ ಒಂದೇ, ಒಣಗುವವರೆಗೆ ಕಾಯಬಹುದಿತ್ತು, ಪಕ್ಕದ ಕೋಣೆಯಲ್ಲಿದ್ದ ಅಕ್ಕನನ್ನು ಕೇಳಬಹುದಿತ್ತು, ಎಂಟು ಹೆಜ್ಜೆ, ಎಂಟೇ ಹೆಜ್ಜೆ, ಕೇಳಲಿಲ್ಲ, ಅಂದಾಜಿನ ಮೇಲೆ ಹೊಲಿದಳು, ಪರದೆ ಏರಿತು, ಮೊದಲ ಪ್ರದರ್ಶನ, ಮಂದಿರ ತುಂಬ ಜನ, ದೀಪ ಹತ್ತಿತು — ಬಲಗಡೆಯಿಂದ ನಾಲ್ಕನೇ ಪಟ್ಟಿ, ಉದ್ದಕ್ಕೂ ಬಿಳಚಿಕೊಂಡು ನಿಂತಿದೆ, ಹಿಂದಿನ ಸಾಲಿನಲ್ಲಿ ಯಾರೋ ಕೂಗಿದರು, ಏನ್ರೀ, ಬಟ್ಟೆ ಸಾಲದೆ ಮನೆ ಕಿಟಕಿಯದ್ದು ಕಿತ್ತು ತಂದ್ರಾ, ಮಂದಿರವೆಲ್ಲ ನಕ್ಕಿತು. ಮ್ಯಾನೇಜರನ ಕೋಣೆಯಲ್ಲಿ ಇವಳನ್ನು ಯಾರೂ ಕೇಳಿರಲೂ ಇಲ್ಲ, ತಾನಾಗಿಯೇ ಬಾಯಿ ಬಿಟ್ಟಳು, ನಾನು ಬಾಣ ಇದ್ದ ಹಾಗೇ ಹೊಲಿದಿದ್ದೀನಿ ಸಾರ್. ಅಕ್ಕ ಅವಳ ಕಡೆ ತಿರುಗಿದಳು, ಅನುಮಾನದಿಂದಲ್ಲ, ಗಾಬರಿಯಿಂದ, ಆಮೇಲೆ ತನ್ನ ಬಲಗೈಯನ್ನು ಯಾರದೋ ಕೈ ಅನ್ನುವಂತೆ ನೋಡಿಕೊಂಡು, ಹಾಗಾದ್ರೆ ತಪ್ಪು ನನ್ನದೇ ಸಾರ್, ಅಂದಳು, ಪರದೆಯ ಹಿಂಬದಿ ತಿರುಗಿಸಿ ನೋಡಲೂ ಇಲ್ಲ. ಕೋಣೆ ಹೋಯಿತು, ಕೆಲಸ ಹೋಯಿತು, ಬೋರ್ಡು ಬೀರುವಿನ ಹಿಂದೆ ಸೇರಿತು, ತಪ್ಪು ಮಾಡಿದವಳಿಗೇ ನಾಲಿಗೆ ಉದ್ದವಾಗುವುದು ಯಾಕೋ, ಇವಳು ಅಕ್ಕನನ್ನು ದಿನಾ ಚುಚ್ಚಿದಳು, ನಿನ್ನ ಕೈ ನನ್ನ ಬದುಕು ಹಾಳು ಮಾಡ್ತು ಕಣೇ, ಒಂದು ದಿನ ಅಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟು, ಇನ್ನು ಇದು ನಿನ್ನದೇ, ಅಂದು ಚೀಲ ಹಿಡಿದು ಹೊರಟುಹೋದಳು.

ಬಸ್ಸು ಇಳಿದರೆ ಟೈರು ಅಂಗಡಿ, ಶಾಲೆ, ಎರಡರ ನಡುವೆ ಚರ್ಚು, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತವಳು ಅಕ್ಕನೇ, ಆದರೆ ಕಿವಿಯ ಪಕ್ಕ ನರೆ, ದಪ್ಪ ಆಗಿದ್ದಾಳೆ, ಅಯ್ಯೋ ಗುಬ್ಬಿ, ಒಣಗಿದ ಗುಬ್ಬಿ ಆಗಿದ್ದೀಯಲ್ಲೇ, ಊಟ ಮಾಡ್ತೀಯೋ ಇಲ್ಲಾ ದಾರ ತಿಂತೀಯೋ, ಬೆನ್ನ ಮೇಲೆ ಒಂದು ಏಟು, ಅದೇ ಏಟು, ಹನ್ನೊಂದು ವರ್ಷದ ಹಿಂದೆ ಬಿಟ್ಟುಹೋದ ಜಾಗಕ್ಕೇ ಸರಿಯಾಗಿ ಬಿತ್ತು, ಉದ್ದನೆಯ ಮೇಜಿನ ತುಂಬ ಕಡುಕೆಂಪು ಮಖಮಲ್ಲು, ಕಿಟಕಿಯ ಬಿಸಿಲು ಅದರ ಮೇಲೆ ಹಾಯಾಗಿ ಮಲಗಿದೆ. ಒಳಬಾಗಿಲಿನಾಚೆ ಪ್ರಾರ್ಥನೆಯ ಹಾಲು, ಅಲ್ಲಿ ಏಣಿ ಹತ್ತಿ ಪರದೆಯ ಕೊಳವೆಗೆ ಉಂಗುರ ಸೇರಿಸುತ್ತಿರುವ ಮುದುಕನನ್ನು ಅಕ್ಕ ತೋರಿಸಿದಳು, ನಮ್ಮ ಗಂಟೆ ತಾತ, ಭಾನುವಾರ ಗಂಟೆ ಬಾರಿಸ್ತಾರೆ, ಉಳಿದ ಆರು ದಿನ ಬಾಯಿ ಬಾರಿಸ್ತಾರೆ, ಮೇಲಿಂದ ತಾತ, ಕೇಳಿಸ್ತಮ್ಮಾ, ಅಂದ. ಇವಳು ಟವೆಲ್ಲು ಬಿಚ್ಚಿದಳು. ಅಕ್ಕ ಕತ್ತರಿಯನ್ನು ನೋಡಿದಳು, ಮುಟ್ಟಲಿಲ್ಲ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು, ಮಕ್ಕಳು ಬಿಸಿ ಒಲೆಯ ಹತ್ತಿರ ನಿಲ್ಲುವ ಹಾಗೆ, ನೀನೇ ಶುರುಮಾಡು, ನಾನು ತುದಿ ಹಿಡ್ಕೋತೀನಿ, ಇಲ್ಲಿ ನೋಡು, ಬಳಪ ಇದೆ, ಬಾಣ ಕೂಡ ನೀನೇ ಬರಿ, ನನ್ನ ಬಾಣದ ಮೇಲೆ ನನಗೇ ನಂಬಿಕೆ ಇಲ್ಲ. ಕತ್ತರಿ ಬಾಯಿ ತೆರೆಯಿತು, ಮಖಮಲ್ಲಿನ ಅಂಚು ಅದರೊಳಗೆ ಬಂತು, ಒಂದು ಸಲ ಅದುಮಿದರೆ ಮುಗಿಯಿತು, ಬಾಗಿಲಾಚೆಗೆ ಬರೀ ಮರದ ಶಿಲುಬೆ ಕಾಣುತ್ತಿದೆ, ಎಂಟು ಹೆಜ್ಜೆ ಇರಬಹುದು, ಅಂದೂ ಎಂಟೇ ಹೆಜ್ಜೆ, ಅವಳು ಅದುಮಲಿಲ್ಲ, ಅಕ್ಕಾ, ಬಾಣ ಸರಿಯಾಗಿಯೇ ಇತ್ತು. ಯಾವ ಬಾಣ? ಆವತ್ತಿನದು, ನೀನು ಸರಿಯಾಗೇ ಬರೆದಿದ್ದೆ, ನಾನು ಮೂರು ಹೊಲಿಗೆ ಹಾಕಲಿಲ್ಲ, ಹಬೆ ಹಿಡಿದೆ, ಅಳಿಸಿಹೋಯ್ತು, ಅಂದಾಜಲ್ಲಿ ಹೊಲಿದೆ, ಮ್ಯಾನೇಜರ ಹತ್ತಿರ ಸುಳ್ಳು ಹೇಳಿದೆ. ಅಕ್ಕ ನಗುವುದಕ್ಕೆ ಹೊರಟಂತಿತ್ತು, ಆ ನಗು ಅರ್ಧಕ್ಕೇ ನಿಂತಿತು, ನಾಲ್ಕನೇ ಪಟ್ಟಿ, ಅಂದಳು, ಹೌದು, ಬಲಗಡೆಯಿಂದ, ಹೌದು ಅಕ್ಕಾ. ಹನ್ನೊಂದು ವರ್ಷ ಒಂದು ಗುಂಡಿ ಕೂಡ ಹೊಲಿದಿಲ್ಲ ನಾನು, ಅಕ್ಕನ ದನಿ ಸಣ್ಣಗಿತ್ತು, ದಿನಾ ಮಂಡಿಯೂರಿ ಈ ಕೈ ಮಾಡಿದ್ದನ್ನ ಕ್ಷಮಿಸು ಸ್ವಾಮಿ ಅಂತ ಕೇಳ್ತಿದ್ದೆ, ಹಾಗಾದ್ರೆ ಯಾವ ತಪ್ಪಿಗೆ ಕೇಳ್ತಿದ್ದೆ ನಾನು, ಹೇಳೇ, ಯಾವ ತಪ್ಪಿಗೆ? ಬಾಗಿಲು ಗೋಡೆಗೆ ಬಡಿಯಿತು, ಅಕ್ಕ ಇಲ್ಲ, ಅಂಗಳದಲ್ಲಿ ನಲ್ಲಿ ಜೋರಾಗಿ ಸುರಿಯುವ ಸದ್ದು.

ಕತ್ತರಿ ಕೆಳಗಿಟ್ಟಳು, ಮುಗಿಯಿತು, ಹೊರಡಬೇಕು, ಹನ್ನೆರಡಕ್ಕೆ ಬಸ್ಸಿದೆ, ಆದರೆ ಕಾಲು ಹಾಲಿನ ಕಡೆಗೇ ಹೋಯಿತು, ಏಣಿಯ ಮೇಲಿನ ಗಂಟೆ ತಾತನಿಗೆ ಯಾರಾದರೂ ಸಿಕ್ಕರೆ ಸಾಕು, ಕೂತ್ಕೊಳ್ಳಮ್ಮ, ಈ ಪರದೆ ಅಂದಾಗೆಲ್ಲ ನನಗೆ ಒಂದು ಯೋಚನೆ, ಯೇಸು ಪ್ರಾಣ ಬಿಟ್ಟ ಹೊತ್ತಿಗೆ ಗುಡಿಯೊಳಗೆ ದೇವರ ಸನ್ನಿಧಿಗೆ ಅಡ್ಡ ಕಟ್ಟಿದ್ದ ಪರದೆ ಮೇಲಿಂದ ಕೆಳಗಿನವರೆಗೆ ಹರಿದುಹೋಯ್ತಲ್ಲ, ದೇವರಿಗೂ ಮನುಷ್ಯರಿಗೂ ನಡುವೆ ಇನ್ನೇನೂ ಅಡ್ಡ ಇಲ್ಲ ಅಂತ, ದೊಡ್ಡ ಮಾತು, ಒಪ್ಪಿದೆ, ಆದ್ರೆ ಅದನ್ನ ಹೊಲಿದವರಿಗೆ ಎಷ್ಟು ಹೊಟ್ಟೆ ಉರಿದಿರಬೇಕು ಹೇಳು. ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳು, ಮೇಲಿಂದ ಕೆಳಗೆ, ಮನುಷ್ಯರು ಬಟ್ಟೆ ಹರಿಯುವುದು ಕೈಗೆಟುಕುವ ಅಂಚಿನಿಂದ, ಅಷ್ಟೆತ್ತರದ ಅಂಚು ಯಾರ ಕೈಗೆ ಸಿಗುತ್ತದೆ, ಬೆಂಚಿನ ಮೇಲೆ ಕೂತಳು, ಎದುರಿಗೆ ಶಿಲುಬೆ, ಚಿಕ್ಕಂದಿನಿಂದ ನೂರು ಕಡೆ ನೋಡಿದ್ದೇ, ತಾನು ಮಾಡದ ತಪ್ಪನ್ನು ಹೊತ್ತವನು ಅಂತ ಎಲ್ಲರೂ ಹೇಳುತ್ತಿದ್ದರು, ಅರ್ಥವಾಗದ ಮಾತು, ಬೇರೆಯವರ ತಪ್ಪನ್ನು ಯಾರಾದರೂ ಹೊರುತ್ತಾರೆಯೇ, ಹೇಗೆ ಹೊರುತ್ತಾರೆ — ಹೀಗೆ, ಮ್ಯಾನೇಜರನ ಕೋಣೆಯಲ್ಲಿ ಬಲಗೈ ನೋಡಿಕೊಂಡು ನಿಂತವಳ ಹಾಗೆ, ಹನ್ನೊಂದು ವರ್ಷ, ಅಕ್ಕ ಗೊತ್ತಿಲ್ಲದೆ ಹೊತ್ತಳು, ಈ ಯೇಸು ಗೊತ್ತಿದ್ದೂ ಹೊತ್ತ, ನನ್ನ ಹೆಸರು ಗೊತ್ತಿದ್ದು, ನಾಲ್ಕನೇ ಪಟ್ಟಿ ಗೊತ್ತಿದ್ದು, ದೇವರೆಂದರೆ ಮುಂದಿನ ಸಾಲಿನಲ್ಲಿ ಕೂತು ಬಣ್ಣದ ವ್ಯತ್ಯಾಸ ಹುಡುಕುವ ಇನ್ನೊಬ್ಬ ಮ್ಯಾನೇಜರು ಅಂದುಕೊಂಡಿದ್ದಳು, ಅಲ್ಲ, ಅವನು ಪರದೆಯ ಹಿಂಬದಿಯಲ್ಲಿದ್ದಾನೆ, ಬಾಣ ಇರುವ ಕಡೆ. ಪ್ರಾರ್ಥನೆ ಮಾಡುವುದು ಹೇಗೆಂದು ಗೊತ್ತಿಲ್ಲ, ಕೈ ಎಲ್ಲಿಡಬೇಕು, ಸ್ವಾಮೀ, ಅಳಿಸಿದ್ದು ನಾನು, ಅಷ್ಟೇ ಬಂತು, ಅಳಿಸಿದ್ದು ನಾನು, ಅಳಿಸಿದ್ದು ನಾನು, ಮತ್ತೆ ಮತ್ತೆ, ಹೇಳುತ್ತ ಹೇಳುತ್ತ ಎದೆಯಲ್ಲಿ ಹನ್ನೊಂದು ವರ್ಷದಿಂದ ತಲೆಕೆಳಗಾಗಿ ಹೊಲಿದುಕೊಂಡಿದ್ದ ಏನೋ ಒಂದು ಹೊಲಿಗೆ ಹೊಲಿಗೆಯಾಗಿ ಬಿಚ್ಚಿಕೊಳ್ಳುತ್ತಿದೆ, ನೋವಿದೆ, ಹಗುರವೂ ಇದೆ, ನಲ್ಲಿ ಯಾವಾಗ ನಿಂತಿತೋ, ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಅಕ್ಕ. ತಲೆಯಿಂದ ನೀರು ತೊಟ್ಟಿಕ್ಕುತ್ತಿದೆ. ಸಿಟ್ಟು ಹೋಗಿಲ್ಲ, ಅಂದಳು ಶಿಲುಬೆಯನ್ನೇ ನೋಡುತ್ತ, ಇಸ್ತ್ರಿ ಆರಿಸಿದ ತಕ್ಷಣ ತಣ್ಣಗಾಗುತ್ತಾ, ಸ್ವಲ್ಪ ದಿನ ಇರುತ್ತೆ, ಹುಷಾರಾಗಿರು. ಹೂಂ ಅಕ್ಕಾ. ಸ್ವಾಮಿ ಹತ್ತಿರ ಜಗಳ ಆಡಿದೆ ಈಗ, ನಲ್ಲಿ ಕೆಳಗೆ ನಿಂತು, ಸುಮ್ಮನೆ ಅಷ್ಟು ವರ್ಷ ನನ್ನ ಕೈಲಿ ಕ್ಷಮೆ ಕೇಳಿಸಿದೆಯಲ್ಲ ಅಂತ. ಅಕ್ಕ ಮೂಗು ಒರೆಸಿಕೊಂಡಳು. ಆಮೇಲೆ ಹೊಳೀತು ಗುಬ್ಬಿ, ಕೇಳಿದ್ದು ನಾನು, ಕೊಟ್ಟಿದ್ದು ಅವನು, ಕೊಟ್ಟಿದ್ದು ನಿಜ, ನನಗೆ ಗೊತ್ತು, ಆದ್ರೆ ಆ ಕ್ಷಮೆ ನನ್ನ ಅಳತೆಯದ್ದಲ್ಲ, ನಿನ್ನದು, ಇಷ್ಟು ವರ್ಷ ನಿನಗೋಸ್ಕರ ಹೊಲಿಸಿ ಇಟ್ಟಿದ್ದೀನಿ ನೋಡು, ತಗೋ, ಹಾಕ್ಕೋ, ಸರಿಯಾಗಿ ಕೂರುತ್ತೆ. ಏಣಿಯ ಮೇಲೆ ತಾತ ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದ.

ಆಮೇಲೆ ಅಕ್ಕ ಎದ್ದಳು, ಹಿಂದಿನ ಕೋಣೆಗೆ ನಡೆದಳು, ಎಂಟಲ್ಲ, ಹನ್ನೆರಡು ಹೆಜ್ಜೆ, ಗುಬ್ಬಿ ಎಣಿಸಿದಳು, ಮೇಜಿನ ಮುಂದೆ ನಿಂತು ಬೆನ್ನ ಹಿಂದಿನ ಕೈ ಮುಂದಕ್ಕೆ ತಂದು ಅಮ್ಮನ ಕತ್ತರಿ ಎತ್ತಿಕೊಂಡಳು, ಏನು ನೋಡ್ತಾ ನಿಂತಿದ್ದೀಯ, ಆ ತುದಿ ಹಿಡಿ, ಸಡಿಲ ಬಿಡಬೇಡ, ಅದೇ ಗದರಿಕೆ, ಎಷ್ಟು ಇಂಪು, ಅಕ್ಕ ಕತ್ತರಿ ಅದುಮಿದಳು, ಮಖಮಲ್ಲು ಕತ್ತರಿಸುವಾಗಿನ ಆ ದಪ್ಪ ಮೆತ್ತನೆ ಸದ್ದು, ಮೊದಲು ಅಳುಕುತ್ತ, ಆಮೇಲೆ ಒಂದೇ ಉಸಿರಿಗೆ, ನೆಟ್ಟಗೆ, ಗೆರೆ ಎಳೆದ ಹಾಗೆ, ಪಟ್ಟಿ ಬೇರೆಯಾಗಿ ಮೇಜಿನಿಂದ ಜಾರಿತು, ಅಕ್ಕ ಕೈ ಮೇಲೆತ್ತಿ ನೋಡಿಕೊಂಡು, ಬರುತ್ತೆ ಕಣೇ, ಅಂತ ಕಿರುಚಿದಳು, ಇನ್ನೂ ಬರುತ್ತೆ, ಪಾಸ್ಟರು ಏನಾಯಿತೆಂದು ಓಡಿಬಂದರು, ತಾತ, ಏನಿಲ್ಲ ಸ್ವಾಮಿ, ಸತ್ತ ಕೈ ಒಂದು ಎದ್ದಿತು, ಅಂದ. ಆರು ಪಟ್ಟಿ. ಪ್ರತಿಯೊಂದಕ್ಕೂ ಬಳಪದ ಬಾಣ ಅಕ್ಕನದು, ಅದರ ಮೇಲೆ ಬಿಳಿ ದಾರದ ಮೂರು ಹೊಲಿಗೆ ಗುಬ್ಬಿಯದು, ಬಾಣ ನನ್ನದು ಎಂದು ಅಕ್ಕ, ಮೂರು ಹೊಲಿಗೆ ನನ್ನದು ಎಂದು ಇವಳು, ಆಮೇಲಷ್ಟೇ ಹಬೆ, ಸಂಜೆಯೊಳಗೆ ಪರದೆ ಏರಿತು. ಮತ್ತು ಈಗ ಭಾನುವಾರ, ತಾತನ ಗಂಟೆ ಇನ್ನೂ ಗೋಡೆಗಳಲ್ಲಿ ಗುಂಯ್‌ಗುಡುತ್ತಿದೆ, ಹಾಲು ತುಂಬ ಜನ ಎದ್ದು ನಿಂತು ಹಾಡುತ್ತಿದ್ದಾರೆ, ಅಕ್ಕನ ಶ್ರುತಿ ಎಂದಿನಂತೆ ಅರ್ಧ ಊರು ದೂರ, ಇವಳಿಗೆ ಪದ ಗೊತ್ತಿಲ್ಲ, ಆದರೂ ಬಾಯಿ ತೆರೆದಿದೆ, ಗಂಟಲಿನಿಂದ ಏನೋ ಹೊರಡುತ್ತಿದೆ, ದೊಡ್ಡದಾಗಿ, ನಾಚಿಕೆಯಿಲ್ಲದೆ, ಪಕ್ಕದಲ್ಲಿ ಅಕ್ಕನ ಮೊಣಕೈ ಇವಳ ಮೊಣಕೈಗೆ ತಾಗಿಕೊಂಡೇ ಇದೆ, ಕಿಟಕಿಯಿಂದ ಬಿಸಿಲು ಪೂರ್ತಿ ಪರದೆಯ ಮೇಲೆ ಬಿತ್ತು, ಎಲ್ಲ ದೀಪಗಳೂ ಒಟ್ಟಿಗೇ ಹತ್ತಿದ ಹಾಗೆ, ಅವಳು ಎಣಿಸಿದಳು, ಬಲಗಡೆಯಿಂದ ಒಂದು, ಎರಡು, ಮೂರು, ನಾಲ್ಕು — ಕೆಂಪು, ಅದೇ ಕೆಂಪು, ಒಂದೇ ಕೆಂಪು, ಮೇಲಿಂದ ಕೆಳಗಿನವರೆಗೆ, ಎಲ್ಲರೂ ನೋಡುತ್ತಿರುವುದು ಅದನ್ನೇ, ಎಷ್ಟು ಚಂದ ಅಂತ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು, ಅವಳು ಅದನ್ನು ನೋಡುತ್ತಿಲ್ಲ, ಅದರ ಹಿಂಬದಿ ಕಾಣುತ್ತಿದೆ ಅವಳಿಗೆ, ಯಾರಿಗೂ ಕಾಣದ ಕಡೆ, ನಾಲ್ಕನೇ ಪಟ್ಟಿ, ಹಬೆ ತಾಗಿ ಮೇಣ ಹೋಗಿದೆ, ಬಿಳಿ ದಾರದ ಮೂರು ಹೊಲಿಗೆ, ಹೋಗಿಲ್ಲ, ಅಲ್ಲೇ ಇದೆ, ಬಾಣ, ಮೊನೆ ಕೆಳಕ್ಕೆ, ಅವಳ ಕಡೆಗೆ, ಬಾಣ —